ಸಕ್ಕರೆಯ ಬಿಳುಪು

ಕಬ್ಬು ಹುಲ್ಲಿನ ಜಾತಿಯ ಸಸ್ಯ. ಅದರ ರಸವನ್ನು ಕುದಿಸಿ ಗಟ್ಟಿಮಾಡಿದರೆ ಬೆಲ್ಲ, ಹರಳುಗಟ್ಟಿಸಿದರೆ ಸಕ್ಕರೆ. ಇದರಲ್ಲಿ ಸಸ್ಯಾಹಾರಿಯಾದವನು ಸಂದೇಹಪಡುವುದಕ್ಕೆ ಏನುಂಟು? ಬೈಲಹೊಂಗಲದ ಯಾವ ಹಿರಿಯಾಕೆಯನ್ನು ಕೇಳಿದರೂ ಇದೇ ಉತ್ತರ ಬಂದೀತು. ಆದರೆ ಪರದೇಶದಲ್ಲಿ ಓದಿ ಬಂದ ಮೊಮ್ಮಗಳು, “ಆಯಿ, ನನ್ನ ಚಾಕ್ಕ ಹಾಲ ಬ್ಯಾಡ, ಸಕ್ರಿನೂ ಯಾವುದಂತ ನೋಡಿ ಹಾಕು” ಎಂದಾಗ ಆಕೆಯ ಕೈಯ ಚಮಚ ತಡೆದು ನಿಲ್ಲುತ್ತದೆ. ಹಾಲನ್ನು ಬಿಡುವುದೇ ಒಂದು ಸೋಜಿಗ. ಸಕ್ಕರೆಯ ಮೇಲೂ ಅನುಮಾನವೆ?

ಇಂಥವರನ್ನು ‘ವೀಗನ್’ ಎಂದು ಕರೆಯುವುದು ಈಗ ರೂಢಿಯಾಗಿದೆ. ಈ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಡೊನಾಲ್ಡ್ ವಾಟ್ಸನ್ ಎಂಬಾತನೂ ಅವನ ಸಂಗಡಿಗರೂ ಮಾಂಸ, ಮೊಟ್ಟೆಗಳೊಡನೆ ಹಾಲು, ಬೆಣ್ಣೆಗಳನ್ನೂ ತ್ಯಜಿಸಿ ತಮಗೊಂದು ಬೇರೆಯ ಹೆಸರನ್ನು ಇಟ್ಟುಕೊಂಡರು. ಜೇನೂ ಅವರಿಗೆ ವರ್ಜ್ಯ. ಜೇನನ್ನು ಮುಟ್ಟದ ಜೈನ ಮನೆತನಗಳನ್ನು ತಲೆಮಾರುಗಳಿಂದ ಕಂಡ ಬೆಳಗಾವಿ ಸೀಮೆಗೆ ಈ ನಿಷ್ಠೆ ತೀರ ಅಪರಿಚಿತವೇನೂ ಅಲ್ಲ.

ಸಕ್ಕರೆಯ ವಿಷಯದಲ್ಲಿ ಅವರ ಸಂದೇಹಕ್ಕೆ ಆಧಾರವುಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನವರು ಒಂದು ಗುಟ್ಟನ್ನು ಕಂಡುಕೊಂಡರು. ದನದ ಎಲುಬುಗಳನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಅದರ ಮೂಲಕ ಸಕ್ಕರೆಯ ಕಂದು ಪಾಕವನ್ನು ಸೋಸಿದರೆ ಬಣ್ಣವೆಲ್ಲ ಇದ್ದಿಲಿಗೆ ಹತ್ತಿಕೊಂಡು ಪಾಕ ತಿಳಿಯಾಗಿ ಇಳಿಯುತ್ತದೆ. ಎಲುಬು ಸಕ್ಕರೆಯೊಳಗೆ ಬೆರೆಯುವುದಿಲ್ಲ. ಅದು ಬರಿಯ ಸೋಸುಬಟ್ಟೆಯ ಕೆಲಸ ಮಾಡುತ್ತದೆ. ಆದರೂ ಆ ಬಿಳುಪಿನ ಹಿಂದೆ ಕಸಾಯಿಖಾನೆಯ ನೆರಳಿರುವುದು ಸುಳ್ಳಲ್ಲ. ಅಮೆರಿಕೆಯ ಕೆಲವು ಕಬ್ಬಿನ ಸಕ್ಕರೆಯ ಕಾರ್ಖಾನೆಗಳಲ್ಲಿ ಈ ಕ್ರಮ ಇಂದಿಗೂ ಉಳಿದಿದೆ. ಬೀಟ್ ಗಡ್ಡೆಯ ಸಕ್ಕರೆಗೆ ಇದರ ಅಗತ್ಯ ಬೀಳುವುದಿಲ್ಲ. ಮೊಮ್ಮಗಳು ಅಲ್ಲಿ ಕಲಿತ ಎಚ್ಚರವನ್ನು ಇಲ್ಲಿಗೂ ಹೊತ್ತು ತಂದಿದ್ದಾಳೆ, ಅಷ್ಟೆ.

ನಿಜ ಹೇಳುವುದಾದರೆ, ಅವಳಿಗಿಂತ ಮೊದಲೇ ಈ ದೇಶ ಈ ಪ್ರಶ್ನೆಯನ್ನು ಕೇಳಿತ್ತು. ಬಂಗಾಲದ ವಿಭಜನೆಯ ನಂತರ, 1905ರಲ್ಲಿ ಎದ್ದ ಸ್ವದೇಶೀ ಚಳವಳಿಯ ದಿನಗಳಲ್ಲಿ, ವಿಲಾಯತಿ ಸಕ್ಕರೆಯನ್ನು ಎಲುಬು ನೆತ್ತರುಗಳಿಂದ ಶುದ್ಧಿಮಾಡುತ್ತಾರೆ ಎಂಬ ಮಾತು ಸಭೆಗಳಲ್ಲಿ, ಬೀದಿಗಳಲ್ಲಿ ಹಬ್ಬಿತು. ಅದರಲ್ಲಿ ರಾಜಕಾರಣವೂ ಇತ್ತು, ಸತ್ಯಾಂಶವೂ ಇತ್ತು. ಎಲುಬಿನ ಇದ್ದಿಲಿನಂತೆ ಎತ್ತಿನ ನೆತ್ತರನ್ನೂ ಪಾಕದ ಕಶ್ಮಲ ತೆಗೆಯಲು ಯುರೋಪಿನಲ್ಲಿ ಹಿಂದೆ ಬಳಸುತ್ತಿದ್ದರು. ಅನೇಕರು ಆಗ ವಿಲಾಯತಿ ಸಕ್ಕರೆಯನ್ನು ಬಿಟ್ಟು ಬೆಲ್ಲಕ್ಕೆ ಮರಳಿದರು. ಮುಂದೆ 1932ರಲ್ಲಿ ಸರಕಾರ ದೇಶೀಯ ಸಕ್ಕರೆಯ ಉದ್ಯಮಕ್ಕೆ ರಕ್ಷಣೆಯ ಕಾಯಿದೆ ಮಾಡಿದ ಮೇಲೆ, ಸುಮಾರು 30 ಇದ್ದ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ 130ನ್ನು ಮೀರಿದವು.

ಇಂದು ಮಲಪ್ರಭೆಯ ಬಳಿಯಲ್ಲಿಯೇ, ಕಿತ್ತೂರು ಭಾಗದ ಎಂ.ಕೆ. ಹುಬ್ಬಳ್ಳಿಯಲ್ಲಿ ಸಹಕಾರಿ ಕಾರ್ಖಾನೆಯುಂಟು. ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ ರೇಣುಕೆಯ ಹೆಸರನ್ನೇ ಹೊತ್ತ ಕಾರ್ಖಾನೆಯುಂಟು. ಭಾರತದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ನಡೆದುಬಂದ ಕ್ರಮ ಇದು: ಅರೆದ ಕಬ್ಬಿನ ಹಾಲನ್ನು ಕಾಯಿಸಿ, ಅದಕ್ಕೆ ಸುಣ್ಣದ ಹಾಲನ್ನು ಬೆರೆಸುತ್ತಾರೆ. (ಇವೆರಡರಲ್ಲಿಯೂ ಹಾಲೆಂಬುದು ಬರಿಯ ಹೆಸರು, ಹಸುವಿಗೂ ಅವಕ್ಕೂ ಸಂಬಂಧವಿಲ್ಲ.) ಬಳಿಕ ಗಂಧಕವನ್ನು ಸುಟ್ಟ ಹೊಗೆಯನ್ನು ಅದರೊಳಗೆ ಹಾಯಿಸುತ್ತಾರೆ. ಕಶ್ಮಲವೆಲ್ಲ ತಳಕ್ಕೆ ಇಳಿದು ರಸ ತಿಳಿಯಾಗುತ್ತದೆ; ಅದನ್ನು ಬತ್ತಿಸಿ ಹರಳುಗಟ್ಟಿಸುತ್ತಾರೆ. ಗಂಧಕವಿಲ್ಲದ ಹೆಚ್ಚು ಬೆಳ್ಳನೆಯ ಸಕ್ಕರೆಗೆ ಫಾಸ್ಫಾರಿಕ್ ಆಮ್ಲ, ಸುಣ್ಣ, ಕೃತಕ ರಾಳ ಮುಂತಾದುವು ಒದಗುತ್ತವೆ. ಈ ಕ್ರಮಗಳಲ್ಲಿ ಎಲುಬಿನ ಇದ್ದಿಲಿಗೆ ಸ್ಥಾನವೇ ಇಲ್ಲ. ಆದುದರಿಂದ ಈ ರೀತಿಯಲ್ಲಿ ತಯಾರಾದ ಸಕ್ಕರೆಯನ್ನು ಮೊಮ್ಮಗಳು ನಿಶ್ಚಿಂತೆಯಿಂದ ತಿನ್ನಬಹುದು. ವಿಚಾರಿಸಬೇಕಾದುದು ಹೊರದೇಶದ ಮಿಠಾಯಿಯ ಡಬ್ಬಿಗಳನ್ನು.

ಬೆಲ್ಲವೂ ಬಹುಮಟ್ಟಿಗೆ ನಿರ್ದೋಷಿ. ಗಾಣದ ಮನೆಯಲ್ಲಿ ಕೊಪ್ಪರಿಗೆಯ ರಸದ ಕೊಳೆಯನ್ನು ಎತ್ತಲು ಸುಣ್ಣವನ್ನೋ, ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನೋ ಹಾಕುತ್ತಾರೆ. ಹೊಂಬಣ್ಣ ಬರಲೆಂದು ಕೆಲವರು ಹಾಕುವ ಹೈಡ್ರೋಸು ಆರೋಗ್ಯದ ಪ್ರಶ್ನೆಯೇ ಹೊರತು ಹಿಂಸೆಯದಲ್ಲ.

ಆಶ್ಚರ್ಯವೆಂದರೆ, ಕಾರ್ಖಾನೆಯಿಂದ ಶುದ್ಧವಾಗಿ ಬಂದ ಸಕ್ಕರೆ ಅಡಿಗೆಮನೆಯಲ್ಲಿ ಅವಳಿಗೆ ವರ್ಜ್ಯವಾಗಬಹುದು! ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ ಎರೆಯುವಾಗ, ಸಂಕ್ರಾಂತಿಗೆ ಕುಸುರೆಳ್ಳು ಮಾಡುವಾಗ, ಪಾಕದ ಕೊಳೆ ಮೇಲೆ ಬರಲೆಂದು ಒಂದು ಚಮಚ ಹಾಲನ್ನು ಬಿಡುವುದು ಗೃಹಿಣಿಯರು ಬಲ್ಲ ಉಪಾಯ. ಹಸಿರು ಚುಕ್ಕೆಯ ಗುರುತೂ ಇಲ್ಲಿ ನೆರವಾಗದು; ಹಾಲಿಗೂ ಜೇನಿಗೂ ಆ ಚುಕ್ಕೆ ಸಲ್ಲುತ್ತದೆ. ಅದಕ್ಕೆಂದೇ 2022ರಲ್ಲಿ ವೀಗನ್ ಆಹಾರಕ್ಕೆ ಬೇರೆ ನಿಯಮಗಳು ಬಂದವು. ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ಪದಾರ್ಥವನ್ನು ಸಂಸ್ಕರಣೆಗೆ ಕೂಡ ಬಳಸಿರಬಾರದು ಎಂಬುದು ಅವುಗಳ ಸಾರ. ಎಳ್ಳು ಬೀರುವ ದಿನ ಮೊಮ್ಮಗಳಿಗಾಗಿ ಹಾಲನ್ನು ಬಿಟ್ಟು ಪಾಕವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿಕೊಂಡರೆ ಸಾಕು, ಹಬ್ಬಕ್ಕೆ ಕುಂದಿಲ್ಲ.

ಇಷ್ಟಕ್ಕೆ ಪ್ರಶ್ನೆ ಮುಗಿಯಿತೆಂದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಸಕ್ಕರೆಯ ದಾರಿಯಲ್ಲಿ ಸತ್ತ ದನದ ಎಲುಬನ್ನು ಹುಡುಕುವವನ ಕಣ್ಣಿಗೆ ಬದುಕಿರುವ ಎತ್ತು ಬೀಳದೆ ಹೋಗಬಾರದು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಹೆಚ್ಚಿರುವುದು ನಿಜ. ಆದರೂ ಕಬ್ಬು ಹೇರಿದ ಎತ್ತಿನ ಗಾಡಿಗಳು ಈ ಸೀಮೆಯ ರಸ್ತೆಗಳಿಂದ ಮರೆಯಾಗಿಲ್ಲ. ಕಬ್ಬು ಕಡಿಯುವ ಕೂಲಿಕಾರರು ದೂರದ ಬೀಡ ಜಿಲ್ಲೆಯಿಂದಲೂ ಎತ್ತು, ಗಾಡಿ, ಮಕ್ಕಳೊಡನೆ ಗಡಿ ದಾಟಿ ಬರುತ್ತಾರೆ. ತೂಕ ಹೆಚ್ಚಿದಷ್ಟೂ ಕೂಲಿ ಹೆಚ್ಚು. ಕೂಲಿ ಹೆಚ್ಚಿದಷ್ಟೂ ಎತ್ತಿನ ಹೆಗಲಿನ ಮೇಲೆ ಭಾರ ಹೆಚ್ಚು. ಹೇರುವವನು ಕ್ರೂರಿಯೆಂದಲ್ಲ, ಅವನ ಹೊಟ್ಟೆಯೂ ಆ ನೊಗಕ್ಕೇ ಕಟ್ಟಲ್ಪಟ್ಟಿದೆ.

ಹೇರಿನ ಎತ್ತುಗಳಿಗಾಗಿ 1965ರಲ್ಲಿಯೇ ನಿಯಮಗಳಾಗಿವೆ. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಕೂಡದು. ಬಿಡುವಿಲ್ಲದೆ 5 ತಾಸು ಮೀರಕೂಡದು. ಬಿಸಿಲು 37 ಡಿಗ್ರಿಯನ್ನು ಮೀರುವಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ಹೂಡಕೂಡದು. ಹೊರೆಗೂ ಮಿತಿಯುಂಟು. ಕಾರ್ಖಾನೆಯ ಬಾಗಿಲಿನಲ್ಲಿ ಸಾಲುಗಟ್ಟಿ ನಿಂತ ಗಾಡಿಗಳಿಗೆ ನೆರಳನ್ನೂ ನೀರನ್ನೂ ಒದಗಿಸಿ, ಮಿತಿ ಮೀರಿದ ಹೊರೆಯನ್ನು ತೂಕದ ಕಟ್ಟೆಯಲ್ಲಿಯೇ ತಡೆದರೆ ಈ ನಿಯಮಗಳಿಗೆ ಜೀವ ಬಂದೀತು.

ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತನ್ನು ಮಾಡಿ ಪೂಜಿಸುವ ನಾಡು ಇದು. ಕಾರ ಹುಣ್ಣಿಮೆಗೆ ಕೋಡುಗಳಿಗೆ ಬಣ್ಣ ಬಳಿದು ಎತ್ತುಗಳನ್ನು ಸಿಂಗರಿಸುವ ನಾಡು. ರಾಮದುರ್ಗದಿಂದಲೂ ಬೈಲಹೊಂಗಲದಿಂದಲೂ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋದ ಹಿರಿಯರು ದಾರಿಯಲ್ಲಿ ಎತ್ತುಗಳಿಗೆ ಮೇವು ನೀರು ತೋರಿಸಿ, ಆಮೇಲೆ ಬುತ್ತಿ ಬಿಚ್ಚುತ್ತಿದ್ದರು. ವೀಗನ್ ಎಂಬ ಮಾತನ್ನು ಅವರು ಕೇಳಿರಲಿಲ್ಲ. ಮೊಮ್ಮಗಳು ಹೊಸ ಮಾತಿನಲ್ಲಿ ಕೇಳುತ್ತಿರುವುದು ಅದೇ ಹಳೆಯ ಪ್ರಶ್ನೆ: ತನ್ನ ಬಾಯಿಯ ಸವಿಗೆ ಯಾವ ಜೀವ ಎಷ್ಟು ತೆತ್ತಿತು? ಅದನ್ನು ನಕ್ಕು ತಳ್ಳಿಹಾಕುವ ಕಾರಣವಿಲ್ಲ. ಸಕ್ಕರೆಯಲ್ಲಿ ಎಲುಬಿಲ್ಲವೆಂದು ಆಕೆಗೆ ಧೈರ್ಯ ಹೇಳುವ ಮನೆಯವರು, ಗಾಡಿಯ ಎತ್ತಿನ ಮಾತನ್ನೂ ಆಕೆಯೊಡನೆ ಆಡಬೇಕು.