ಹುಡುಕುವ ಯಂತ್ರಕ್ಕೆ ಹೇಳಿಕೊಡುವವರು ಯಾರು?

ಗಂಡನ ಮನೆಯ ಹಿಂಸೆ ತಾಳಲಾರದೆ ಹೆಣ್ಣುಮಗಳೊಬ್ಬಳು ಸಲಹಾ ಕೇಂದ್ರಕ್ಕೆ ಎರಡನೆಯ ಸಲ ಬಂದಾಗ, ಅವಳ ಹಳೆಯ ಕಡತ ಸಿಗುವುದೋ ಬಿಡುವುದೋ ಎಂಬುದು ಕಚೇರಿಯ ಸಣ್ಣ ವಿಷಯವಲ್ಲ. ಮೊದಲ ಸಲದ ಹೇಳಿಕೆ, ಗಾಯದ ವೈದ್ಯಕೀಯ ಚೀಟಿ, ಮದುವೆಯಲ್ಲಿ ಕೊಟ್ಟ ಒಡವೆಗಳ ಪಟ್ಟಿ ಎಲ್ಲವೂ ಇರುವುದು ಅದರಲ್ಲೇ. ಅದು ಸಿಗದಿದ್ದರೆ ಅವಳು ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಒಂದು ಮಾತು ಹೆಚ್ಚುಕಡಿಮೆಯಾದರೂ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಅವಳನ್ನು ಸುಳ್ಳುಗಾತಿ ಎನ್ನುತ್ತಾರೆ.

ಇಂಥ ಕಡತಗಳನ್ನು ಹುಡುಕುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ 'ಏಜೆಂಟ್'ಗೆ ಒಪ್ಪಿಸುವುದು ಈಗ ಸಾಧ್ಯವಾಗಿದೆ. ನಾವು ಆಡುಮಾತಿನಲ್ಲಿ ಕೇಳಿದ್ದಕ್ಕೆ, ತನಗೆ ಕೊಟ್ಟಿರುವ 'ಟೂಲ್'ಗಳಲ್ಲಿ ಯಾವುದು ಬೇಕೆಂದು ತಾನೇ ಆರಿಸಿಕೊಂಡು ಉತ್ತರ ತರುವ ತಂತ್ರಾಂಶವಿದು. ಹೆಸರಿನಿಂದ ಹುಡುಕುವುದು ಒಂದು ಟೂಲ್; ಪ್ರಕರಣದ ಸಂಖ್ಯೆಯಿಂದ ಕಡತ ತೆರೆಯುವುದು ಇನ್ನೊಂದು. ಸಾಮಾನ್ಯವಾಗಿ ಟೂಲಿನ ಒಳಗೇನಿದೆ ಎಂಬುದು ಏಜೆಂಟ್‌ಗೆ ಕಾಣುವುದಿಲ್ಲ. ಕಾಣುವುದು ಟೂಲಿನ ಹೆಸರು, ನಾಲ್ಕಾರು ಸಾಲಿನ ವಿವರಣೆ ಮತ್ತು ತುಂಬಬೇಕಾದ ಅಂಕಣಗಳು ಮಾತ್ರ. ಆ ನಾಲ್ಕು ಸಾಲನ್ನು ಬರೆಯುವವರು ಯಾರು ಎಂಬುದೇ ನಮ್ಮ ಪ್ರಶ್ನೆ.

'ಕಕ್ಷಿದಾರರ ದಾಖಲೆಗಳನ್ನು ಹುಡುಕುತ್ತದೆ' ಎಂದು ತಂತ್ರಜ್ಞರು ಒಂದೇ ಸಾಲು ಬರೆದು ಕೈತೊಳೆದುಕೊಂಡರೆ ಏನಾಗುತ್ತದೆ? 'ಊರು' ಎಂಬ ಅಂಕಣದಲ್ಲಿರುವುದು ತವರೂರೋ, ಗಂಡನ ಊರೋ? 'ಹೆಸರು' ಎಂದರೆ ಅವಳು ಹೇಳಿದ ಲಕ್ಷ್ಮಿಯೋ, ಪಡಿತರ ಚೀಟಿಯ ಲಕ್ಷ್ಮೀದೇವಮ್ಮನೋ, ಮದುವೆಯಲ್ಲಿ ಅತ್ತೆಮನೆಯವರು ಬದಲಿಸಿದ ಹೆಸರೋ? ಇಂಗ್ಲಿಷಿನಲ್ಲಿ ಬರೆದಾಗಲಂತೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ವರ್ಷಗಟ್ಟಲೆ ರಿಜಿಸ್ಟರು ಬರೆದ ಕಾರ್ಯಕರ್ತೆಗೆ ಇದೆಲ್ಲ ಗೊತ್ತು. ಯಂತ್ರಕ್ಕೆ ಬರೆದು ತಿಳಿಸದಿದ್ದರೆ ಅದು ಊಹೆ ಮಾಡುತ್ತದೆ.

ಕಾನೂನಿನ ಉದಾಹರಣೆಯನ್ನೇ ನೋಡಿ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ, ನಾವೆಲ್ಲ ಬಾಯಿಪಾಠ ಮಾಡಿದ್ದ 498ಎ ಕಲಂನ ಜಾಗದಲ್ಲಿ 85 ಮತ್ತು 86ನೆಯ ಕಲಂಗಳಿವೆ. ವರದಕ್ಷಿಣೆ ಸಾವಿನ 304ಬಿ ಈಗ 80 ಆಗಿದೆ. ಅದಕ್ಕೂ ಹಿಂದಿನ ಕೃತ್ಯಗಳಿಗೆ ಹಳೆಯ ಕಲಂಗಳೇ ಅನ್ವಯ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು ಕೇಳಿದವರ ಕಡತದಲ್ಲಿ ಈ ಅಂಕಿಗಳು ಇರಲೇಬೇಕೆಂದಿಲ್ಲ. ಬರೀ '498ಎ' ಎಂದು ಹುಡುಕಿ ತಂದ ಪಟ್ಟಿಯನ್ನು ನಂಬಿದರೆ, ಹಿಂಸೆ ಕಡಿಮೆಯಾಗಿದೆ ಎಂದು ನಾವೇ ಸಾರಿಬಿಡಬಹುದು!

'ಮುಕ್ತಾಯ' ಎಂಬ ಒಂದು ಪದವೂ ಅಷ್ಟೇ ಅಪಾಯಕಾರಿ. ರಾಜಿಯಾಯಿತೇ, ತೀರ್ಪು ಬಂತೇ, ಬೆದರಿ ದೂರು ಹಿಂತೆಗೆದುಕೊಂಡಳೇ, ಸತ್ತೇ ಹೋದಳೇ? 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ ವಿವಾಹಿತೆಯರ ಅಸಹಜ ಸಾವುಗಳ ಬೆನ್ನುಹತ್ತಿದಾಗ, 'ಸ್ಟೌ ಸಿಡಿದು ಸಾವು' ಎಂಬ ಷರಾದ ಹಿಂದೆ ಏನೇನು ಮುಚ್ಚಿಹೋಗಿದೆ ಎಂಬುದನ್ನು ನಾಡು ಕಂಡಿತು. ಕಡತದ ಮೇಲಿನ ಪದ ಸತ್ಯವನ್ನು ಹೂಳಬಲ್ಲದು ಎಂದು ಅಂದೇ ಕಲಿತವರು ನಾವು.

ಹಾಗಾದರೆ ವಿವರಣೆ ಹೇಗಿರಬೇಕು? ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ಹೇಳಿಕೊಡುವ ಹಾಗೆ: 'ಹೆಸರು, ತವರೂರು, ಗಂಡನ ಹೆಸರು, ಇವುಗಳಲ್ಲಿ ಎರಡಾದರೂ ಇದ್ದರೆ ಈ ಟೂಲ್ ಬಳಸು. ಪ್ರಕರಣದ ಸಂಖ್ಯೆ ಗೊತ್ತಿದ್ದರೆ ಇದು ಬೇಡ, ನೇರ ಕಡತ ತೆರೆ. ದಿನಾಂಕದಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಒಂದೇ ಹೆಸರಿನವರು ಹಲವರು ಸಿಕ್ಕರೆ ನೀನೇ ಆರಿಸಬೇಡ, ಕೇಳು.' ಉತ್ತರವೂ ಸ್ಪಷ್ಟವಾಗಿರಬೇಕು. 'ದಾಖಲೆ ಇಲ್ಲ', 'ನೋಡಲು ನಿನಗೆ ಅನುಮತಿ ಇಲ್ಲ', 'ಹುಡುಕಾಟವೇ ವಿಫಲವಾಯಿತು', ಈ ಮೂರೂ ಬೇರೆ ಬೇರೆ. ಮೂರಕ್ಕೂ 'ಸಿಗಲಿಲ್ಲ' ಎಂದುಬಿಟ್ಟರೆ, ಬಾಗಿಲಿಗೆ ಬಂದವಳನ್ನು 'ನೀನು ಬಂದೇ ಇರಲಿಲ್ಲ' ಎಂದು ಕಳಿಸಿದ ಹಾಗೆ.

ಒಂದು ಎಚ್ಚರಿಕೆ. 'ಆಶ್ರಯ ಪಡೆದವರ ವಿಳಾಸ ಯಾರಿಗೂ ಕೊಡಬೇಡ' ಎಂದು ವಿವರಣೆಯಲ್ಲಿ ಬರೆದರೆ ಸಾಲದು. ವಿವರಣೆ ಬುದ್ಧಿಮಾತೇ ಹೊರತು ಬೀಗವಲ್ಲ. ಅಣ್ಣನೆಂದು ಹೇಳಿಕೊಂಡು ಗಂಡನೇ ವಿಚಾರಿಸಲು ಬರುವುದು ನಮಗೆ ಹೊಸದೇ? ವಿಳಾಸವನ್ನು ಆ ಟೂಲಿನ ಕೈಗೆ ಸಿಗದಂತೆ ಬೇರೆಯೇ ಇಟ್ಟು, ಯಾರು ನೋಡಬಹುದೆಂಬುದನ್ನು ವ್ಯವಸ್ಥೆಯೊಳಗೇ ಬಿಗಿಮಾಡಬೇಕು.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ಯಂತ್ರ ತರುವ ಸಂಸ್ಥೆಗಳು ಈ ವಿವರಣೆಗಳನ್ನು ಆಪ್ತಸಮಾಲೋಚಕಿಯರ ಜೊತೆ ಕೂತು ಬರೆಸಲಿ. ಉತ್ತರ ಮೊದಲೇ ಗೊತ್ತಿರುವ ಇಪ್ಪತ್ತು ಹಳೆಯ ಪ್ರಕರಣಗಳನ್ನು ಕೇಳಿ ಪರೀಕ್ಷಿಸಲಿ. ತಪ್ಪಿದಲ್ಲೆಲ್ಲ ಸಾಲನ್ನು ತಿದ್ದಲಿ. ಗೆಳತಿಯರೇ, 'ಅದು ಕಂಪ್ಯೂಟರಿನವರ ಕೆಲಸ' ಎಂದು ನಾವು ದೂರ ನಿಂತರೆ, ನಮ್ಮ ಹೆಣ್ಣುಮಕ್ಕಳ ನೋವಿಗೆ ಹೆಸರಿಡುವ ಹಕ್ಕನ್ನು ಮತ್ತೊಮ್ಮೆ ಬೇರೆಯವರ ಕೈಗೆ ಕೊಟ್ಟಂತೆ.