ನಾಲ್ಕು ಹಳದಿ ಕಾರ್ಡು, ಆರು ತಿಂಗಳ ತೀರ್ಪು

ಗಿರಣಿಯಿಂದ ವಜಾ ಆದ ಕೆಲಸಗಾರ ಕೋರ್ಟಿಗೆ ಹೋಗಿ, ವಾಯಿದೆಯ ಮೇಲೆ ವಾಯಿದೆ ಕಾದು, ಕೊನೆಗೆ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳತಕ್ಕದ್ದೆಂಬ ಹುಕುಮನ್ನು ಕೈಯಲ್ಲಿ ಹಿಡಿದು ಬರುತ್ತಾನೆ. ಬಂದು ನೋಡಿದರೆ ಗೇಟಿಗೆ ಬೀಗ. ನಮ್ಮ ಓದುಗರಲ್ಲಿ ಅನೇಕರು ಇದನ್ನು ಕಂಡವರು, ಕೆಲವರು ಉಂಡವರು. 2025ರಲ್ಲಿ ಇದೇ ಗತಿ ಈ ದೇಶದ ಒಂದು ಫುಟ್‌ಬಾಲ್ ತಂಡಕ್ಕೆ ಒದಗಿತು. ಆಟದ ಸುದ್ದಿಗೆ ಅಗ್ರಲೇಖನದ ಜಾಗವೇಕೆ ಎಂದು ಕೇಳುವ ಮಿತ್ರರಿದ್ದಾರೆ. ಚೆಂಡು ಒದೆಯುವುದೂ ಸಂಬಳದ ದುಡಿಮೆಯಾಗಿರುವಾಗ ಅದರ ಮಾತು ಇಲ್ಲಿ ಬಾರದೆ ಮತ್ತೆಲ್ಲಿ ಬರಬೇಕು?

2007ರಲ್ಲಿ ಆರಂಭವಾದಾಗ ಐ-ಲೀಗ್ ಎಂಬುದೇ ದೇಶದ ಅಗ್ರ ಪಂದ್ಯಾವಳಿಯಾಗಿತ್ತು. 2014ರಲ್ಲಿ ಹಣವಂತರ ಇಂಡಿಯನ್ ಸೂಪರ್ ಲೀಗ್ ಬಂತು. ಐ-ಲೀಗ್ ಕ್ರಮೇಣ ಎರಡನೆಯ ದರ್ಜೆಗೆ ಇಳಿಯಿತು. 2022-23ರ ಋತುವಿನಿಂದ, ಇದರಲ್ಲಿ ಗೆದ್ದ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿಯೆಂದು ಗೊತ್ತುಮಾಡಿದರು. 2023ರಲ್ಲಿ ಪಂಜಾಬಿನ ತಂಡ ಹಾಗೆ ಏರಿತು, 2024ರಲ್ಲಿ ಕಲಕತ್ತೆಯ ಹಳೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಏರಿತು. ಏರುವವನು ಒಬ್ಬನೇ, ಮೇಲಿದ್ದವರು ಎಷ್ಟು ಸೋತರೂ ಕೆಳಗಿಳಿಯಬೇಕಾಗಿರಲಿಲ್ಲ. (ಇಂಥ ಏಣಿಯನ್ನು ನಾವು ಬೇರೆ ಕಡೆಗಳಲ್ಲಿಯೂ ಬಲ್ಲೆವು.) ಅಂತೂ ಕೆಳಗಿನವರಿಗೆ ಉಳಿದ ಮೆಟ್ಟಿಲು ಅದೊಂದೇ ಆಗಿತ್ತು.

2024-25ರ ಋತುವಿನಲ್ಲಿ 12 ತಂಡಗಳು, ತಂಡವೊಂದಕ್ಕೆ 22 ಆಟಗಳು. ಕೊನೆಯ ದಿನವಾದ ಏಪ್ರಿಲ್ 6ರಂದು ಗೋವದ ಚರ್ಚಿಲ್ ಬ್ರದರ್ಸ್ ಶ್ರೀನಗರದಲ್ಲಿ ರಿಯಲ್ ಕಾಶ್ಮೀರದೊಡನೆ 1-1ರಿಂದ ಸಮ ಮಾಡಿಕೊಂಡು 40 ಅಂಕಕ್ಕೆ ನಿಂತಿತು. ಇಂಟರ್ ಕಾಶಿ ಅದೇ ದಿನ ರಾಜಸ್ಥಾನ್ ಯುನೈಟೆಡ್ಡನ್ನು 3-1ರಿಂದ ಸೋಲಿಸಿ 39ಕ್ಕೆ ಮುಟ್ಟಿತು. ಹಾಗಾದರೆ ಗೋವದವರು ಗೆದ್ದರಲ್ಲ ಎಂದರೆ, ಇಲ್ಲ. ಜನವರಿ 13ರ ಆಟವೊಂದರ ಲೆಕ್ಕ ಇನ್ನೂ ತೀರಿರಲಿಲ್ಲ. ಅಂದು ಪಂಜಾಬಿನ ನಾಮಧಾರಿ ತಂಡ ಕಾಶಿಯವರನ್ನು 2-0ರಿಂದ ಸೋಲಿಸಿತ್ತು. ಆದರೆ ನಾಲ್ಕು ಹಳದಿ ಕಾರ್ಡು ಪಡೆದು ಒಂದು ಆಟ ಹೊರಗೆ ಕೂರಬೇಕಾಗಿದ್ದವನನ್ನು ನಾಮಧಾರಿಯವರು ಕಣಕ್ಕಿಳಿಸಿದ್ದರೆಂದು ಕಾಶಿಯವರ ದೂರು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ದೂರನ್ನು ಒಪ್ಪಿ ಆ ಆಟವನ್ನು 3-0ರಿಂದ ಕಾಶಿಗೆ ಕೊಟ್ಟಿತು. ಅದೇ ಒಕ್ಕೂಟದ ಮೇಲ್ಮನವಿ ಸಮಿತಿ, ಋತುವೇ ಮುಗಿದ ಮೇಲೆ, ಏಪ್ರಿಲ್ 18ರಂದು ಅದನ್ನು ತಳ್ಳಿಹಾಕಿತು. ಮೂರು ಅಂಕ ಇತ್ತ ಬಂದರೆ ಕಾಶಿಗೆ 42, ಅತ್ತ ಹೋದರೆ ಚರ್ಚಿಲ್ಲಿಗೆ ಪಟ್ಟ!

ಚರ್ಚಿಲ್ಲಿಗೆ ಪಟ್ಟವಾಯಿತು, ಏಪ್ರಿಲ್ಲಿನಲ್ಲಿಯೇ ಕಪ್ಪನ್ನೂ ಕೊಟ್ಟುಬಿಟ್ಟರು. ಕಾಶಿಯವರು ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿರುವ ಕ್ರೀಡಾ ನ್ಯಾಯಮಂಡಲಿಗೆ ಹೋದರು. ಜುಲೈ 18ರಂದು ಅಲ್ಲಿಂದ ತೀರ್ಪು ಬಂತು: ಗೆದ್ದವರು ಕಾಶಿಯವರೇ.

ಕಾರ್ಡು ತೋರಿಸಿದವನು ಒಕ್ಕೂಟವೇ ನೇಮಿಸಿದ ರೆಫರಿ. ಅದನ್ನು ಬರೆದಿಟ್ಟದ್ದು ಒಕ್ಕೂಟದ ಪುಸ್ತಕ. ಪೇಟೆಯಲ್ಲಿ ಮಂಡಿಯಿಟ್ಟ ಯಾವ ಸಣ್ಣ ವ್ಯಾಪಾರಿಯೂ ತನ್ನ ಖಾತೆಯಲ್ಲಿ ಯಾರ ಬಾಕಿ ಎಷ್ಟೆಂದು ಹೇಳಲು ಆರು ತಿಂಗಳು ತೆಗೆದುಕೊಳ್ಳುವುದಿಲ್ಲ, ಆಲ್ಪ್ಸ್ ಪರ್ವತದ ಕಡೆಗೆ ಆಳನ್ನೂ ಅಟ್ಟುವುದಿಲ್ಲ.

ನಾವು ಇಬ್ಬರಲ್ಲಿ ಯಾರ ವಕೀಲರೂ ಅಲ್ಲ. ಕಾಶಿಯವರಾಗಲಿ ನಾಮಧಾರಿಯವರಾಗಲಿ ಕೆಳಗಿನ ಲೀಗಿನಲ್ಲಿ ಗೆದ್ದು ಐ-ಲೀಗಿಗೆ ಬಂದವರಲ್ಲ. 2023ರಲ್ಲಿ ಒಕ್ಕೂಟ ಬಿಡ್ ಕರೆದಾಗ ನೇರವಾಗಿ ಒಳಗೆ ಬಂದವರು. ಚರ್ಚಿಲ್ಲೋ, 2009ರಲ್ಲಿಯೂ 2013ರಲ್ಲಿಯೂ ಇದೇ ಪಂದ್ಯಾವಳಿಯನ್ನು ಗೆದ್ದ ತಂಡ, ಆದರೆ ಅದೂ ಗೋವದ ಒಬ್ಬ ರಾಜಕಾರಣಿಯ ಮನೆತನದ ಕೈಯಲ್ಲಿರುವುದು. ಲೊಸಾನಿನ ವಕೀಲರ ಫೀಜು ತೆರುವ ಶಕ್ತಿ ಇರುವವರಿಗೆ ನ್ಯಾಯ ತಡವಾಗಿಯಾದರೂ ದೊರೆಯಿತು. ಇಲ್ಲದವರ ಮಾತೇನು? ಅದೇ ಋತುವಿನಲ್ಲಿ ನಮ್ಮ ಬೆಂಗಳೂರಿನ ಸ್ಪೋರ್ಟಿಂಗ್ ಕ್ಲಬ್, ಕೆಳಗಿನ ಲೀಗಿನಿಂದ ಗೆದ್ದು ಮೇಲೇರಿ ಬಂದಿದ್ದ ತಂಡ, ಒಂದೇ ವರ್ಷ ಆಡಿ, ದೆಹಲಿಯ ತಂಡದೊಡನೆ ಕೆಳಗಿಳಿಯಿತು. ಆ ಹುಡುಗರ ಹೆಸರು ಯಾವ ತೀರ್ಪಿನಲ್ಲಿಯೂ ಬರಲಿಲ್ಲ.

ಇನ್ನು ಗೇಟಿನ ಬೀಗದ ಮಾತು. ಕಾಶಿಯವರಿಗೆ ತೀರ್ಪು ಬರುವುದಕ್ಕೆ ಒಂದು ವಾರ ಮೊದಲು, ಜುಲೈ 11ರಂದು, ಅವರು ಏರಬೇಕಾಗಿದ್ದ ಸೂಪರ್ ಲೀಗನ್ನೇ ತಡೆಹಿಡಿಯಲಾಗಿತ್ತು. ಅದನ್ನು ನಡೆಸುವ ಕಂಪನಿಗೂ ಒಕ್ಕೂಟಕ್ಕೂ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದ ಡಿಸೆಂಬರಿಗೆ ತೀರುವುದರಲ್ಲಿತ್ತು, ಮುಂದಿನ ಕರಾರು ಕುದುರಿರಲಿಲ್ಲ. ಒಪ್ಪಂದ ಎಂದು ತೀರುತ್ತದೆಂಬುದು ಅದಕ್ಕೆ ಸಹಿ ಬಿದ್ದ ದಿನದಿಂದ ಗೊತ್ತಿದ್ದ ಸಂಗತಿ. ಕರಾರಿನ ಜಗಳ ಧಣಿಗಳದು, ಪೆಟ್ಟು ಬಿದ್ದದ್ದು ಸಂಬಳಕ್ಕೆ. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಸಾರಿತು. ಅವರೇನು ಕೆಲಸಕ್ಕೆ ಬಾರದೆ ಉಳಿದಿದ್ದರೆ? ಮುಷ್ಕರ ಹೂಡಿದ್ದರೆ? ಆಟ ಮತ್ತೆ ತೊಡಗಿದ್ದು 2026ರ ಫೆಬ್ರವರಿಯಲ್ಲಿ.

ದೊಡ್ಡ ಹೆಸರಿನ ನಾಲ್ಕಾರು ಆಟಗಾರರಿಗೆ ಆರು ತಿಂಗಳು ತಡೆದುಕೊಳ್ಳುವ ಶಕ್ತಿ ಇದ್ದೀತು. ಎರಡನೆಯ ದರ್ಜೆಯಲ್ಲಿ ಆಡುವ ಹುಡುಗನಿಗೆ ಇಲ್ಲ. ಆಟಗಾರನ ದುಡಿಮೆಯ ಕಾಲವೇ ಹತ್ತು ಹನ್ನೆರಡು ವರ್ಷ. ಅದರಲ್ಲಿ ಒಂದು ಋತು ಕಾಗದಪತ್ರದಲ್ಲಿ ಕಳೆದುಹೋದರೆ ಅದನ್ನು ತುಂಬಿಕೊಡುವವರು ಯಾರೂ ಇಲ್ಲ. ನೇಯುವವನು ನಲವತ್ತೈದರಲ್ಲಿಯೂ ಮಗ್ಗದ ಮುಂದೆ ನಿಲ್ಲಬಲ್ಲ. ಚೆಂಡಿನವನು ಮೂವತ್ತೈದಕ್ಕೆ ಮುದುಕ.

ಆದ್ದರಿಂದ ಒಕ್ಕೂಟದವರಲ್ಲಿ ನಮ್ಮ ಒತ್ತಾಯ ಇಷ್ಟು. ಆಟವೊಂದರ ಬಗ್ಗೆ ದೂರು ಬಂದರೆ ಆ ತಂಡಗಳ ಮುಂದಿನ ಆಟಕ್ಕೆ ಮೊದಲೇ ಅದು ತೀರ್ಮಾನವಾಗಬೇಕು, ಮೇಲ್ಮನವಿ ಹದಿನೈದು ದಿನದೊಳಗೆ ಮುಗಿಯಬೇಕು. ವಿಚಾರಿಸುವ ಸಮಿತಿಗಳಲ್ಲಿ ಆಟಗಾರರ ಸಂಘದವನೊಬ್ಬ ಕೂರಬೇಕು. ದೂರು ತೀರುವ ತನಕ ಕಪ್ಪು ಕಪಾಟಿನಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಋತು ಆರಂಭವಾಗುವ ಮೊದಲೇ ಪ್ರತಿ ಮಾಲೀಕನಿಂದಲೂ ಆಟಗಾರರ ಒಂದು ವರ್ಷದ ಸಂಬಳವನ್ನು ಠೇವಣಿಯಾಗಿ ಕಟ್ಟಿಸಿಕೊಳ್ಳಬೇಕು. ಪೇಟೆಯಲ್ಲಿ ಎಂಟಡಿ ಅಗಲದ ಮಳಿಗೆ ಹಿಡಿಯುವವನೂ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಟ್ಟೇ ಬಾಗಿಲು ತೆರೆಯುತ್ತಾನೆ. ಈ ಧಣಿಗಳಿಗೆ ಅದು ಭಾರವೆನಿಸಿದರೆ ತಂಡ ಕಟ್ಟಲು ಅವರನ್ನು ಯಾರೂ ಬಲವಂತ ಮಾಡಿಲ್ಲ.