ನೀಹಾರಿಕೆಯ ಬಣ್ಣಕ್ಕೂ ಒಂದು ಲೆಜೆಂಡ್ ಇರಲಿ

ನೀಹಾರಿಕೆಯ ಫೋಟೋ ತೋರಿಸಿದ ತಕ್ಷಣ ಬರುವ ಮೊದಲ ಪ್ರಶ್ನೆ ಗೊತ್ತೇ ಇದೆ: “ಇದು ಒರಿಜಿನಲ್ಲಾ, ಎಡಿಟ್ ಮಾಡಿದ್ದಾ?” ಕಳೆದ ಚಳಿಗಾಲದಿಂದ ಈ ಹುಚ್ಚು ಹಿಡಿಸಿಕೊಂಡಿರೋ ನನಗೆ ಇದನ್ನ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಕೇಳೋದು ತಪ್ಪಲ್ಲ. ಆದರೆ ಎರಡೇ ಆಯ್ಕೆ ಕೊಟ್ಟರೆ ಉತ್ತರ ಸಿಗಲ್ಲ. ನನ್ನ ಅಭಿಪ್ರಾಯ ಇಷ್ಟೇ: ಆ ಬಣ್ಣ ಸುಳ್ಳಲ್ಲ. ಅದು ಹೇಗೆ ಬಂತು ಅನ್ನೋದನ್ನ ಮುಚ್ಚಿಟ್ಟರೆ ಮಾತ್ರ ಸುಳ್ಳಾಗುತ್ತೆ.

ಮೊದಲು ಫಿಲ್ಟರ್ ಅನ್ನೋ ಪದವನ್ನೇ ನೋಡೋಣ. ಇನ್‌ಸ್ಟಾಗ್ರಾಮ್ ನೋಡಿ ಬೆಳೆದ ನಮಗೆ ಫಿಲ್ಟರ್ ಅಂದ್ರೆ ಮುಖಕ್ಕೆ ಹೊಳಪು ಸೇರಿಸೋ ವಸ್ತು. ಖಗೋಳದ ಫಿಲ್ಟರ್ ಪೂರ್ತಿ ಉಲ್ಟಾ. ಅದು ಏನನ್ನೂ ಸೇರಿಸಲ್ಲ, ತಡೆಯುತ್ತೆ ಅಷ್ಟೆ. ಇಸಿ ಬ್ರಾಂಚ್‌ನವರಿಗೆ ಬ್ಯಾಂಡ್‌ಪಾಸ್ ಅಂದ್ರೆ ಸಾಕು. ಹೈಡ್ರೋಜನ್ ಆಲ್ಫಾ ಫಿಲ್ಟರ್ 656.3 ನ್ಯಾನೋಮೀಟರ್ ಸುತ್ತ ಒಂದು ಕಿರಿದಾದ ಕಿಂಡಿ ಬಿಟ್ಟು, ಉಳಿದ ಬೆಳಕನ್ನೆಲ್ಲ ಹೊರಗೇ ನಿಲ್ಲಿಸುತ್ತೆ. ಆಮ್ಲಜನಕದ ಫಿಲ್ಟರ್‌ನ ಕಿಂಡಿ 500.7ರ ಹತ್ತಿರ.

ಇನ್ನು “ಒರಿಜಿನಲ್” ವಿಷಯ. ನಾನು ಶುರು ಮಾಡಿದ್ದು ಹಳೇ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಒಂದು ಟ್ರೈಪಾಡ್ ಇಟ್ಟುಕೊಂಡು. ಗುರಿ ಮಹಾವ್ಯಾಧನ ನೀಹಾರಿಕೆ, ಎಂ42. ಸೊಂಟಪಟ್ಟಿಯ ಮೂರು ನಕ್ಷತ್ರದ ಕೆಳಗೆ ಮಸುಕಾಗಿ ಕಾಣುತ್ತಲ್ಲ, ಅದೇ. ಸುಮಾರು 1,300 ಜ್ಯೋತಿರ್ವರ್ಷ ದೂರ. ಆಕಾಶ ಗಂಟೆಗೆ 15 ಡಿಗ್ರಿ ತಿರುಗೋದರಿಂದ ಒಂದು ಫ್ರೇಮಿಗೆ 6 ಸೆಕೆಂಡ್ ಮೀರಿದರೆ ನಕ್ಷತ್ರಗಳು ಗೆರೆಯಾಗಿಬಿಡುತ್ತವೆ. ಹಾಗಾಗಿ 100 ಫ್ರೇಮ್ ತೆಗೆದು, ಸಿರಿಲ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಪೇರಿಸಿದೆ. ಸಿಗ್ನಲ್ ಟು ನಾಯ್ಸ್ ಹತ್ತು ಪಟ್ಟು ಸುಧಾರಿಸುತ್ತೆ. 100ರ ವರ್ಗಮೂಲ ತಾನೆ! ಬೂದು ಆಕಾಶದೊಳಗಿಂದ ಗುಲಾಬಿ ಮೋಡ ಎದ್ದು ಬಂತು.

ಆ ಗುಲಾಬಿ ಒರಿಜಿನಲ್ಲಾ? ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ. ಪ್ರತಿ ನಾಲ್ಕು ಪಿಕ್ಸೆಲ್‌ನಲ್ಲಿ ಎರಡರ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಇನ್ನೊಂದರ ಮೇಲೆ ನೀಲಿ ಫಿಲ್ಟರ್ ಇರುತ್ತೆ, ಉಳಿದದ್ದು ಲೆಕ್ಕಾಚಾರ. ಮ್ಯಾಕ್ಸ್‌ವೆಲ್ 1861ರಲ್ಲಿ ಒಂದು ರಿಬ್ಬನ್ನಿನ ಮೂರು ಕಪ್ಪುಬಿಳುಪು ಚಿತ್ರಗಳನ್ನ ಮೂರು ಫಿಲ್ಟರ್‌ಗಳಿಂದ ತೆಗೆಸಿ ಬಣ್ಣ ತೋರಿಸಿದ ಉಪಾಯವೇ ಇವತ್ತು ನಮ್ಮ ಜೇಬಿನ ಮೊಬೈಲ್‌ನಲ್ಲೂ ಇದೆ. ಇದರ ಮೇಲೆ, ಚರ್ಮದ ಬಣ್ಣ ಸಹಜವಾಗಿ ಬರಲಿ ಅಂತ ಡಿಎಸ್‌ಎಲ್‌ಆರ್ ಒಳಗಿರೋ ಇನ್ನೊಂದು ಫಿಲ್ಟರ್ ಆ 656.3ರ ಕೆಂಪಿನ ಬಹುಪಾಲನ್ನ ತಡೆದುಬಿಡುತ್ತೆ. ಆ ಗಾಜು ತೆಗೆಸಿದ ಕ್ಯಾಮೆರಾದಲ್ಲಿ ಅದೇ ನೀಹಾರಿಕೆ ಕಡುಗೆಂಪು.

ಹಾಗಾದ್ರೆ ಕಣ್ಣನ್ನೇ ನಂಬೋಣ ಅಂತೀರಾ? ಟೆಲಿಸ್ಕೋಪ್‌ನಲ್ಲಿ ಕಣ್ಣಿಟ್ಟರೆ ಎಂ42 ಬೂದುಬಣ್ಣ, ಹೆಚ್ಚೆಂದ್ರೆ ತುಸು ಹಸಿರು. ಮಂದ ಬೆಳಕಿನಲ್ಲಿ ಕೆಲಸ ಮಾಡೋ ಕಣ್ಣಿನ ಕೋಶಗಳಿಗೆ ಬಣ್ಣ ಗುರುತಿಸಲು ಬರಲ್ಲ. ಕಣ್ಣೂ ಒಂದು ಇನ್‌ಸ್ಟ್ರುಮೆಂಟೇ, ಅದಕ್ಕೂ ಮಿತಿ ಇದೆ.

ಆದರೆ ಬಣ್ಣವನ್ನ ಅಳತೆಯಾಗಿ ನೋಡಿದಾಗ ಏನಾಗುತ್ತೆ ಗೊತ್ತಾ? 1864ರಲ್ಲಿ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನ ಒಡೆದು ನೋಡಿದಾಗ ಕಾಮನಬಿಲ್ಲಿನ ಬದಲು ಕೆಲವೇ ಹೊಳೆಯುವ ಗೆರೆ ಕಂಡವು. ಅಂದರೆ ಅದು ನಕ್ಷತ್ರಗಳ ಗುಂಪಲ್ಲ, ಅನಿಲ. ಅದರಲ್ಲಿದ್ದ ಹಸಿರು ಗೆರೆ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ‘ನೆಬ್ಯುಲಿಯಮ್’ ಅಂತ ಹೊಸ ಧಾತುವನ್ನೇ ಊಹಿಸಿದರು. 1927ರಲ್ಲಿ ಐರಾ ಬೋವೆನ್ ಒಗಟು ಬಿಡಿಸಿದರು: ಅದು ಎರಡು ಎಲೆಕ್ಟ್ರಾನ್ ಕಳಕೊಂಡ ನಮ್ಮ ಆಮ್ಲಜನಕವೇ. ಸೀನಿಯರ್ ಒಬ್ಬರಿಂದ ಟ್ರ್ಯಾಕರ್ ಮತ್ತು ಡ್ಯುಯಲ್ ಬ್ಯಾಂಡ್ ಫಿಲ್ಟರ್ ಎರವಲು ತಂದು ತೆಗೆದ ಫ್ರೇಮ್‌ಗಳಲ್ಲಿ, ಎಂ42ರ ನಡುವೆ ಎಳೆಯ ಬಿಸಿ ನಕ್ಷತ್ರಗಳ ಸುತ್ತ ಆ ಹಸಿರು ಕಂಡಾಗ, 63 ವರ್ಷ ಕಾಡಿದ ಗೆರೆ ನನ್ನ ಲ್ಯಾಪ್‌ಟಾಪ್‌ಗೂ ಬಂತಲ್ಲ ಅಂತ ರೋಮಾಂಚನವಾಯ್ತು.

ಎಲ್ಲರಿಗೂ ಗೊತ್ತಿರೋ ಹಬಲ್‌ನ ‘ಸೃಷ್ಟಿಯ ಸ್ತಂಭಗಳು’ (1995) ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ನಿಜದಲ್ಲಿ ಗಂಧಕ, ಹೈಡ್ರೋಜನ್ ಎರಡರ ಗೆರೆಯೂ ಕೆಂಪೇ. ಇದ್ದಹಾಗೇ ಬಿಟ್ಟರೆ ಯಾವುದು ಎಲ್ಲಿದೆ ಅಂತ ಗೊತ್ತಾಗೋದೇ ಇಲ್ಲ, ಅದಕ್ಕೇ ಬೇರೆ ಮಾಡಿದರು. ಮೆಕ್ಯಾನಿಕಲ್‌ನವರು ಆನ್ಸಿಸ್‌ನಲ್ಲಿ ಸ್ಟ್ರೆಸ್ ಪ್ಲಾಟ್ ತೆಗೆದಾಗ ಬೀಮ್ ಕೆಂಪಗಾಗಿದೆ ಅಂತ ಯಾರಾದ್ರೂ ಅಂದ್ಕೋತಾರಾ? ಇಲ್ಲ. ಪಕ್ಕದಲ್ಲಿ ಲೆಜೆಂಡ್ ಇರುತ್ತೆ.

ನಮ್ಮ ಆಕಾಶದ ಫೋಟೋಗಳಲ್ಲಿ ಇಲ್ಲದಿರೋದು ಅದೇ ಲೆಜೆಂಡ್. ಬಣ್ಣ ಬದಲಿಸೋದು ಒಂದು, ಸೆನ್ಸರ್‌ಗೆ ಬೀಳದ ವಿವರವನ್ನ ಎಐ ಕೈಲಿ ಬರೆಸೋದು ಇನ್ನೊಂದು. ಮೊದಲನೆಯದು ಅನುವಾದ, ಎರಡನೆಯದು ಕಟ್ಟುಕಥೆ. ಕ್ಯಾಪ್ಷನ್ ಇಲ್ಲದಿದ್ರೆ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ಆಗ ಮೂರು ರಾತ್ರಿ ಚಳಿಯಲ್ಲಿ ಕೂತವನ ಚಿತ್ರಕ್ಕೂ, ಮೂರು ಸೆಕೆಂಡಲ್ಲಿ ಹುಟ್ಟಿದ ಚಿತ್ರಕ್ಕೂ ಒಂದೇ ಬೆಲೆ.

ಅದಕ್ಕೇ ಒಂದು ಸಲಹೆ. ನಮ್ಮ ಕಾಲೇಜಿನ ಫೋಟೋ ಸ್ಪರ್ಧೆಗೆ ಬರೋ ಪ್ರತಿ ಖಗೋಳ ಚಿತ್ರದ ಕೆಳಗೆ ಎರಡು ಸಾಲು ಕಡ್ಡಾಯವಾಗಲಿ: ಎಷ್ಟು ಹೊತ್ತಿನ ಬೆಳಕು, ಯಾವ ಫಿಲ್ಟರ್, ಯಾವ ಅನಿಲಕ್ಕೆ ಯಾವ ಬಣ್ಣ. ಕೇಳಿದರೆ ರಾ ಫೈಲ್ ತೋರಿಸೋ ಹಾಗಿರಲಿ. ಲ್ಯಾಬ್ ರೆಕಾರ್ಡಿನ ಗ್ರಾಫ್‌ಗೆ ಆಕ್ಸಿಸ್ ಹೆಸರು ಬರೆಯದಿದ್ರೆ ಮಾರ್ಕ್ಸ್ ಕಟ್ ಆಗುತ್ತೆ. 1,300 ವರ್ಷ ನಡೆದು ಬಂದ ಬೆಳಕಿಗೆ ಅಷ್ಟು ಮರ್ಯಾದೆನಾದ್ರೂ ಬೇಡ್ವಾ?